ಅಣ್ಣನ ಜೊತೆ ಸೇಪಿನುಮ್‌ಗೆ

ಹೊರಡುವ ಮೊದಲು: ಶಿರವಾಳ

ರೋಮ್ ನೋಡದೆಯೇ ರೋಮಿನ ಬಗ್ಗೆ ಅರವತ್ತೆರಡು ಪುಟ ಬರೆದವಳು ನಾನು. ಪುಸ್ತಕವಲ್ಲ, ಕನ್ನಡದ ವೆಬ್‌ಸೈಟು. ಶಹಾಪುರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಪಠ್ಯಪುಸ್ತಕದಲ್ಲಿ ಇಡೀ ರೋಮಿಗೆ ಇದ್ದದ್ದು ಒಂದೇ ಒಂದು ಮಸುಕು ಚಿತ್ರ. ಅದರ ಮೇಲಿನ ಸಿಟ್ಟಿಗೆ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ವಿಡಿಯೊ ನೋಡಿ ನೋಡಿ ಸೈಟು ಕಟ್ಟುವುದನ್ನು ಕಲಿತೆ. ಮೊದಲ ವರ್ಷ ನನ್ನ ಕನ್ನಡವೆಲ್ಲ ಓದುವವರ ಪರದೆಯ ಮೇಲೆ ಬರೀ ಚೌಕಗಳಾಗಿ ಕಾಣುತ್ತಿತ್ತು. ಆ ಚೌಕಗಳನ್ನು ಅಕ್ಷರ ಮಾಡಲು ಪಟ್ಟ ಪಾಡು ನನಗೇ ಗೊತ್ತು. ಹಾಳುಬಿದ್ದ ಒಂದೊಂದು ಊರಿಗೆ ಒಂದೊಂದು ಪುಟ. ಸ್ನಾನದ ಮನೆ, ನೀರಿನ ಕಾಲುವೆ, ನಾಟಕದ ಮೆಟ್ಟಿಲು, ಗೋರಿಗಳ ಓಣಿ. ಅಳತೆಗಳೆಲ್ಲ ಮಾರು, ಮೊಳದಲ್ಲಿ.

ಒಮ್ಮೆ ಯಾರೋ ಓದುಗರು ಕೇಳಿದ್ದರು: 'ಮೇಡಂ, ನೀವು ಅಲ್ಲಿಗೆ ಹೋಗಿದ್ದೀರಾ?' ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಉತ್ತರ ಕೊಟ್ಟು ಜಾರಿಕೊಂಡೆ.

ಹಳೆಯ ಕಲ್ಲಿನ ಹುಚ್ಚು ನನಗೆ ಹತ್ತಿದ್ದು ರೋಮಿನಿಂದಲ್ಲ. ನಾನು ಹುಟ್ಟಿದ್ದು ಶಿರವಾಳದಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಲ್ಲಿನ ಹಳೆಯ ಗುಡಿಗಳ ನೆರಳಿನಲ್ಲಿ ನಮ್ಮ ಕುರಿಗಳು ಮಧ್ಯಾಹ್ನ ಮಲಗುತ್ತಿದ್ದವು. ನಾನು ಕಂಬಕ್ಕೆ ಒರಗಿ ಪಾಠ ಓದುತ್ತಿದ್ದೆ. ಈ ಕಲ್ಲನ್ನು ಯಾರು ತಂದರು, ಯಾಕೆ ತಂದರು ಎಂಬ ಪ್ರಶ್ನೆ ಆಗಲೇ ತಲೆಹೊಕ್ಕಿತ್ತು.

ಅರವತ್ತೆರಡರಲ್ಲಿ ಒಂದು ಪುಟದಲ್ಲಿ ಮಾತ್ರ ಮೂರು ವರ್ಷದಿಂದ 'ಈ ಪುಟ ತಯಾರಾಗುತ್ತಿದೆ' ಎಂಬ ಸಾಲು ಕೂತಿತ್ತು. ಅದು ಇಟಲಿಯ ಬೆಟ್ಟಗಳ ನಡುವಿನ ಸೇಪಿನುಮ್ ಎಂಬ ಸಣ್ಣ ಊರಿನದು. ಆ ಊರಿನ ನಡುಬೀದಿಯೇ ಕುರಿದಾರಿ. ವರ್ಷಕ್ಕೆರಡು ಸಲ ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಸಾವಿರಗಟ್ಟಲೆ ಕುರಿಗಳು ಆ ಬೀದಿಯಲ್ಲೇ ಹಾಯುತ್ತಿದ್ದವು. ಊರ ಬಾಗಿಲಿನ ಕಲ್ಲಿನ ಮೇಲೆ ಒಂದು ಪತ್ರ ಕೆತ್ತಿದ್ದಾರೆ. ಊರಿನ ಅಧಿಕಾರಿಗಳೂ ಕಾವಲಿನವರೂ ಹಾದುಹೋಗುವ ಕುರುಬರನ್ನು ಓಡಿಬಂದ ಗುಲಾಮರೆಂದು, ಕುರಿಗಳನ್ನು ಕದ್ದ ಮಾಲೆಂದು ಹಿಡಿದು ಕಾಡುತ್ತಿದ್ದಾರೆ, ಇದು ನಿಲ್ಲಬೇಕು ಎಂದು ಮೇಲಿನವರಿಂದ ಬಂದ ತಾಕೀತು ಅದು. ಸಾವಿರದ ಎಂಟುನೂರು ವರ್ಷಕ್ಕೂ ಹಳೆಯದು. ಅದನ್ನು ಕನ್ನಡಕ್ಕೆ ತರಲು ಕೂತಾಗಲೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು.

ಕಾರಣ ಹೇಳಿಬಿಡುತ್ತೇನೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಣ್ಣ ಮಾಳಪ್ಪ ಕುರಿ ಹೊಡೆದುಕೊಂಡು ಸುರಪುರದ ಕಡೆ ಹೋಗಿದ್ದ. ಅಲ್ಲೊಂದು ಊರಿನವರು ಅವನನ್ನು ಕುರಿಗಳ್ಳ ಎಂದು ಹಿಡಿದು ಚಾವಡಿಯಲ್ಲಿ ಕೂಡಿಸಿದರು. ಸುದ್ದಿ ತಿಳಿದ ಅಪ್ಪ ಶಹಾಪುರಕ್ಕೆ, ನನ್ನ ಹಾಸ್ಟೆಲಿಗೆ ಬಂದ. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. "ನಿಂಗಿ, ತಹಸೀಲ್ದಾರ್ ಸಾಹೇಬ್ರಿಗಿ ಒಂದು ಅರ್ಜಿ ಬರ್ದು ಕೊಡವ್ವಾ" ಅಂದ. ಗೇಟಿನ ಹೊರಗೆ ಕಂಬಳಿ ಹೊದ್ದು ನಿಂತ ಅಪ್ಪನನ್ನು ಹುಡುಗಿಯರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. "ನಾಳಿ ಪರೀಕ್ಷಾ ಅದ, ಆಗಂಗಿಲ್ಲ" ಅಂದೆ. ಪರೀಕ್ಷೆ ಇರಲಿಲ್ಲ. ಅಪ್ಪ ಬಂದ ದಾರಿ ಹಿಡಿದು ಹೋದ. ಮೂರನೆಯ ದಿನ ಅಣ್ಣನನ್ನು ಬಿಟ್ಟರು, ಅವನ ಎರಡು ಟಗರನ್ನು ಬಿಡಲಿಲ್ಲ.

ಅಪ್ಪ ಈಗಿಲ್ಲ. ಈ ಮಾತನ್ನು ನಾನು ಅಣ್ಣನಿಗೆ ಮೂವತ್ತೆಂಟು ವರ್ಷದಿಂದ ಹೇಳಿಲ್ಲ. ಅವನು ಕುರಿ ಕಾದ, ನಾನು ಓದಿದೆ, ನೌಕರಿ ಹಿಡಿದೆ. ಆ ಬಾಗಿಲ ಮುಂದೆ ಅವನನ್ನು ನಿಲ್ಲಿಸಿ ಹೇಳಬೇಕು, ಆಮೇಲೆ ಪುಟ ಮುಗಿಸಬೇಕು. ಪ್ರವಾಸದ ಉದ್ದೇಶ ಇಷ್ಟೇ. ಅಣ್ಣನಿಗೆ ಮಾತ್ರ "ಆ ದೇಶದ ಕುರಿ ನೋಡಿ ಬರಮು ಬಾ" ಅಂದಿದ್ದೆ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಮನೆಗೆ ಬರುತ್ತಾರೆಂದು ತಿಳಿದ ದಿನ ಅಣ್ಣ ಕುರಿ ಹೊಡೆದುಕೊಂಡು ಎತ್ತಲೋ ಹೋಗಿಬಿಟ್ಟ. ಮೂರು ದಿನ ಪತ್ತೆಯಿಲ್ಲ. ಕೊನೆಗೆ ಗೋಗಿಯ ಹತ್ತಿರ ಒಂದು ಹೊಲದಲ್ಲಿ ಸಿಕ್ಕ.

"ಹಳೀ ಕೇಸು ತೆಗದಾರ ಅಂದ್ಕೊಂಡೆವ್ವಾ" ಅಂದ.

ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಪೊಲೀಸಪ್ಪ ಒಳ್ಳೆಯವನು. ಮತ್ತೊಮ್ಮೆ ಬಂದು, ಚಹಾ ಕುಡಿದು, ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಯಾದಗಿರಿಯಿಂದ ವಿಮಾನದವರೆಗೆ

ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬಯಿ ಗಾಡಿಗೆ ಕಾಯುತ್ತಿದ್ದಾಗ ಅಣ್ಣನ ವೇಷ ಹೀಗಿತ್ತು: ಧೋತರ, ಹೊಸ ಅಂಗಿ, ತಲೆಗೆ ರುಮಾಲು, ಹೆಗಲಿಗೆ ಕರಿ ಕಂಬಳಿ. ಅಲ್ಲಿ ಚಳಿಗೆ ಸ್ವೆಟರ್ ಸಾಕು ಅಂದರೆ ಕೇಳಲಿಲ್ಲ. ನನ್ನ ಚೀಲದಲ್ಲಿ ಅತ್ತಿಗೆ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಜೊತೆಗೆ ವೆಬ್‌ಸೈಟಿನಲ್ಲಿ ತಿದ್ದಬೇಕಾದದ್ದನ್ನು ಬರೆದುಕೊಳ್ಳಲು ಒಂದು ಇನ್ನೂರು ಪುಟದ ನೋಟ್‌ಬುಕ್.

ವಿಮಾನ ನಿಲ್ದಾಣದಲ್ಲಿ ಕಂಬಳಿಯನ್ನು ಎರಡು ಸಲ ಮಷೀನಿನೊಳಗೆ ಕಳಿಸಿದರು. ಇದರಲ್ಲಿ ಏನಿದೆ ಎಂದು ಅಲ್ಲಿನ ಅಧಿಕಾರಿ ಹಿಂದಿಯಲ್ಲಿ ಕೇಳಿದ. "ಕಂಬಳ್ ಮೇ ಕ್ಯಾ ರಹತಾ ಸಾಬ್, ಊನ್ ಹೈ" ಎಂದು ಅಣ್ಣ ತನ್ನ ದಖನಿಯಲ್ಲಿ, ಕಂಬಳಿಯಲ್ಲಿ ಉಣ್ಣೆಯಲ್ಲದೆ ಇನ್ನೇನಿರುತ್ತದೆ ಎಂಬಂತೆ ಹೇಳಿದ. ವಿಮಾನದಲ್ಲಿ ಕೊಟ್ಟ ತೆಳ್ಳನೆಯ ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮಡಚಿ ನನಗೇ ಕೊಟ್ಟು, ಕಂಬಳಿ ಹೊದ್ದು ಮಲಗಿದ. ಕುರಿಯ ವಾಸನೆ ತಾಳಲಾರದೆ ನಮ್ಮ ಪಕ್ಕದವರು ಬೇರೆ ಕಡೆ ಹೋಗಿ ಕೂತರು. ಹಾಗಾಗಿ ಇಬ್ಬರಿಗೆ ಮೂರು ಸೀಟು ಸಿಕ್ಕವು.

ರೋಮ್, ಓಸ್ತಿಯಾ

ರೋಮಿನ ಜನ ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಗುಬ್ಬಿ ಮುಳುಗದಷ್ಟೇ ಇರುವ ಕರಿ ಕಾಫಿ, ಎರಡು ಗುಟುಕು, ಮುಗಿಯಿತು. "ಕುಂದ್ರಾಕ ಪುರಸತ್ತಿಲ್ಲೇನು ಇವ್ರಿಗಿ?" ಎಂದು ಅಣ್ಣ ಕೇಳಿದ. ಕುಡಿದು ನೋಡಿ, "ಔಷಧ ಕೊಟ್ಟಾರ" ಅಂದ. ಯಾದಗಿರಿ ಬಸ್ ಸ್ಟ್ಯಾಂಡಿನ ಚಹಾ ನೆನಪಾಗಿ ನಮ್ಮಿಬ್ಬರಿಗೂ ಒಂದೇ ಸಲ ನಿಟ್ಟುಸಿರು ಬಂತು.

ದೊಡ್ಡ ದೊಡ್ಡ ಜಾಗಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ, ಅವು ಎಲ್ಲ ಕಡೆ ಇವೆ. ಆದರೆ ಸಮುದ್ರದ ಕಡೆ ಇರುವ ಹಳೆಯ ಬಂದರು ಊರು ಓಸ್ತಿಯಾದಲ್ಲಿ ನನ್ನ ಮಾನ ಹೋದದ್ದನ್ನು ಬರೆಯಲೇಬೇಕು. ಅಲ್ಲಿ ರೊಟ್ಟಿ ಸುಡುವವರ ಅಂಗಡಿಯೊಂದಿದೆ, ಅದರಲ್ಲಿ ಹಿಟ್ಟು ಬೀಸುವ ಕಲ್ಲುಗಳಿವೆ. ಫೋಟೊದಲ್ಲಿ ಮಾತ್ರ ನೋಡಿದ್ದ ನಾನು ನನ್ನ ಪುಟದಲ್ಲಿ, ಅವು ನಮ್ಮ ಮನೆಯ ಬೀಸುಕಲ್ಲಿನಷ್ಟೇ ಇವೆ, ರೋಮಿನ ಹೆಂಗಸರು ಹಾಡು ಹೇಳುತ್ತಾ ಬೀಸುತ್ತಿದ್ದಿರಬೇಕು ಎಂದು ರಸವತ್ತಾಗಿ ಬರೆದುಬಿಟ್ಟಿದ್ದೆ. ಎದುರಿಗೆ ನಿಂತರೆ ಒಂದೊಂದು ಕಲ್ಲು ನನ್ನ ಎದೆಮಟ್ಟ ಇದೆ! ಅದನ್ನು ತಿರುಗಿಸುತ್ತಿದ್ದದ್ದು ಕತ್ತೆಗಳು.

ಏನು ಬರೆದಿದ್ದೆ ಎಂದು ಅಣ್ಣನಿಗೆ ಹೇಳಿದೆ. ಹೇಳಬಾರದಿತ್ತು.

"ಇದನ್ನ ಬೀಸಾಕ ನಮ್ಮವ್ವನೇ ಬರಬೇಕಿತ್ತು ಬಿಡು" ಅಂದ. ಆಮೇಲೆ ಗಂಭೀರವಾಗಿ, "ಅಲ್ಲ ತಂಗಿ, ಕಲ್ಲಿನ ಬಾಜೂಕ ಒಂದು ಮನಷ್ಯಾನ್ನ ನಿಂದ್ರಿಸಿ ಫೋಟೋ ಹೊಡಿಬೇಕಿಲ್ಲೇನು ಇವ್ರು? ಇಲ್ಲಾಂದ್ರ ಒಂದು ಕುರೀನರ" ಎಂದ.

ಆ ದಿನದಿಂದ ನನ್ನ ಎಲ್ಲ ಫೋಟೊಗಳಲ್ಲಿ ಅಣ್ಣ ನಿಂತಿದ್ದಾನೆ. ಕಂಬದ ಪಕ್ಕ, ತೊಟ್ಟಿಯ ಪಕ್ಕ, ರುಮಾಲು ಸುತ್ತಿಕೊಂಡು, ಕಂಬಳಿ ಹೊದ್ದು. ಅವನಿಂದ ಅಳತೆ ಗೊತ್ತಾಗುತ್ತದೆ.

ಕಾಂಪೊಬಾಸ್ಸೊ ಗಾಡಿಯಲ್ಲಿ

ಸೇಪಿನುಮ್‌ಗೆ ಹೋಗಲು ಕಾಂಪೊಬಾಸ್ಸೊ ಎಂಬ ಊರಿನವರೆಗೆ ರೈಲಿನಲ್ಲಿ ಹೋಗಬೇಕು. ಆ ದೇಶದಲ್ಲಿ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಡಬ್ಬಿಯೊಂದರಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ನಾನು ಮರೆತೆ. ಗಾಡಿ ಹೊರಟು ಅರ್ಧ ಗಂಟೆಯಾದ ಮೇಲೆ, ಟೋಪಿ ಹಾಕಿಕೊಂಡ ಎತ್ತರದ ತಪಾಸಣೆಯವನು ನಮ್ಮ ಟಿಕೆಟ್ ಹಿಡಿದು ತಲೆ ಅಲ್ಲಾಡಿಸಿದ.

ನಾನು ನನ್ನ ಹರಕು ಇಂಗ್ಲಿಷಿನಲ್ಲಿ ವಾದಕ್ಕೆ ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಅಣ್ಣ ಎದ್ದು ನಿಂತಿದ್ದ. ಮುಖದ ಬಣ್ಣ ಹೋಗಿತ್ತು. ಕೈ ಮುಗಿದುಕೊಂಡು, ಕಣ್ಣು ನೆಲಕ್ಕೆ ಹಾಕಿ ನಿಂತಿದ್ದ. ಅರವತ್ತು ವರ್ಷದ, ಇನ್ನೂರು ಕುರಿಗಳ ಯಜಮಾನ.

ತಪಾಸಣೆಯವನು ಅದನ್ನು ನಮ್ಮ ದೇಶದ ನಮಸ್ಕಾರ ಅಂದುಕೊಂಡ. ಟಿಕೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನೂ ಕೈ ಮುಗಿದ, ಸ್ವಲ್ಪ ಬಾಗಿದ ಕೂಡ. ಆಮೇಲೆ ಪೆನ್ನು ತೆಗೆದು ಟಿಕೆಟ್ಟಿನ ಮೇಲೆ ತಾನೇ ತಾರೀಖು ಬರೆದು, ನಗುತ್ತಾ ಹೋದ.

"ಏನಂದ?" ಎಂದು ಅಣ್ಣ ಕೂರದೆಯೇ ಕೇಳಿದ.

"ಏನಿಲ್ಲ. ನಿನಗ ಶರಣು ಮಾಡಿ ಹೋದ."

"ನನಗ?"

ಎರಡು ಸ್ಟೇಷನ್ ಕಳೆದ ಮೇಲೆ ಅವನು ಕೂತ. ಅಲ್ಲೇ ಹೇಳಿಬಿಡಬೇಕೆಂದುಕೊಂಡೆ. ಹೆದರಿದೆ. ಈ ಮಾತು ಕೇಳಿ ಅವನು ಮುಖ ತಿರುಗಿಸಿದರೆ ಪರದೇಶದಲ್ಲಿ ಇನ್ನು ಆರು ದಿನ ಹೇಗೆ ಕಳೆಯುವುದು, ಆಮೇಲೆ ಉಳಿದ ಆಯುಷ್ಯ ಹೇಗೆ ಕಳೆಯುವುದು ಎಂದು ಲೆಕ್ಕ ಹಾಕುತ್ತಾ ಹೊರಗೆ ನೋಡಿದೆ.

ಸೇಪಿನುಮ್, ಬೆಳಿಗ್ಗೆ

ಮರುದಿನ ಬೆಳಿಗ್ಗೆ ಬಸ್ಸಿನವನು ನಮ್ಮನ್ನು ಹೆದ್ದಾರಿಯ ಪಕ್ಕ ಇಳಿಸಿ ಕೈ ತೋರಿಸಿ ಹೋದ. ಅವನು ತೋರಿಸಿದ ಕಡೆ ರಸ್ತೆಯೇ ಇರಲಿಲ್ಲ. ಹುಲ್ಲು ಬೆಳೆದ ಅಗಲವಾದ ಪಟ್ಟಿ, ಎರಡೂ ಕಡೆ ಮುಳ್ಳುಕಂಟಿ. ನಾನು ಫೋನಿನ ನಕಾಶೆಯನ್ನು ಉಲ್ಟಾಪಲ್ಟಾ ಮಾಡುತ್ತಾ ನಿಂತೆ. ಅಣ್ಣ ಕಂಟಿಯ ಹತ್ತಿರ ಹೋಗಿ, ಮುಳ್ಳಿಗೆ ಸಿಕ್ಕಿದ್ದ ಬಿಳಿ ಉಣ್ಣೆಯ ಎಳೆಯೊಂದನ್ನು ಬಿಡಿಸಿ, ಬೆರಳಲ್ಲಿ ಹೊಸೆದು ನೋಡಿದ.

"ಕುರಿ ದಾರಿ ಇದು. ಇವತ್ತ ಮುಂಜಾನಿನೇ ಹಾದಾವ. ನಡಿ" ಅಂದ.

ಮೂರು ವರ್ಷ ನಾನು ನಕಾಶೆಗಳಲ್ಲಿ ಓದಿದ್ದ ಆ ದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ.

ಕೋಟೆಯ ಗೋಡೆ ಕಾಣುವ ಹೊತ್ತಿಗೆ ಕರುವಿನಷ್ಟು ದೊಡ್ಡ ಬಿಳಿ ನಾಯಿಯೊಂದು ಬೊಗಳುತ್ತಾ ನುಗ್ಗಿ ಬಂತು. ನಾನು ಕಿರುಚಿದೆ. ಅಣ್ಣ ನನ್ನ ಕೈ ಹಿಡಿದು ಎಳೆದು ನೆಲಕ್ಕೆ ಕೂಡಿಸಿ, ತಾನೂ ಕೂತ. "ಕುರಿ ನಾಯಿ. ಕುಂತೋರಿಗಿ ಏನೂ ಮಾಡಂಗಿಲ್ಲ" ಅಂದ. ನಾಯಿ ಹತ್ತಿರ ಬಂದು ಕಂಬಳಿಯನ್ನು ಬಹಳ ಹೊತ್ತು ಮೂಸಿತು. ಮೂಸಿ, ಅಣ್ಣನ ಪಕ್ಕದಲ್ಲೇ ಮಲಗಿತು.

ಹಿಂದೆಯೇ ಅದರ ಒಡತಿ ಬಂದಳು, ಅಸುಂತಾ ಎಂಬ ಎಪ್ಪತ್ತರ ಹತ್ತಿರದ ಹೆಂಗಸು, ಗಂಡಸರ ಬೂಟು ಹಾಕಿಕೊಂಡು. ಅವಳಿಗೆ ಇಂಗ್ಲಿಷ್ ಬಾರದು, ನಮಗೆ ಅವಳ ಭಾಷೆ ಬಾರದು. ಅಣ್ಣ ಅವಳ ಮಂದೆಯೊಳಗೆ ಹೋಗಿ ಒಂದು ಕುರಿಯ ತುಟಿ ಎತ್ತಿ ಹಲ್ಲು ನೋಡಿ, ವಯಸ್ಸು ನಾಲ್ಕು ವರ್ಷವೆಂದು ನಾಲ್ಕು ಬೆರಳು ತೋರಿಸಿದ. ಅವಳು ಇಲ್ಲವೆಂದು ಮೂರು ತೋರಿಸಿದಳು. ಇವನು ಬಿಡಲಿಲ್ಲ, ಮತ್ತೆ ತುಟಿ ಎತ್ತಿ ಹಲ್ಲು ಎಣಿಸಿ ತೋರಿಸಿದ. ಅವಳು ಬಗ್ಗಿ ನೋಡಿ, ಹಣೆ ಬಡಿದುಕೊಂಡು ನಕ್ಕಳು. ಹತ್ತು ನಿಮಿಷದಲ್ಲಿ ಇಬ್ಬರೂ ಒಂದೂರಿನವರಂತೆ ತಮ್ಮ ತಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದರು. ನಡುವೆ ಓದಿದವಳೆಂದು ನಿಂತ ನನ್ನನ್ನು ಕೇಳುವವರೇ ಇಲ್ಲ!

ಅಸುಂತಾ ಚೀಲದಿಂದ ಕುರಿ ಹಾಲಿನ ಚೀಸಿನ ತುಂಡು ಕೊಟ್ಟಳು. ಅಣ್ಣ ಬಾಯಿಗೆ ಹಾಕಿಕೊಂಡು, ಅಗಿಯದೆ, ನನ್ನ ಕಡೆ ದೀನವಾಗಿ ನೋಡಿದ. "ಸಾಬಾನ ಇದ್ದಂಗ ಅದ, ಆದ್ರ ಉಗುಳಿದ್ರ ಆಕಿಗಿ ಬ್ಯಾಸರ ಆಗ್ತದ" ಎಂದು ನುಂಗಿದ. ನಾವು ಖಡಕ್ ರೊಟ್ಟಿ, ಹಿಂಡಿ ಕೊಟ್ಟೆವು. ಹಿಂಡಿಯ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಅವಳೂ ಉಗುಳಲಿಲ್ಲ.

ಊರೊಳಗೆ ಹಳೆಯ ನಾಟಕದ ಮೆಟ್ಟಿಲುಗಳ ಬೆನ್ನಿಗೆ, ಅದೇ ಕಲ್ಲಿನಲ್ಲಿ, ಎಂದೋ ರೈತರು ಸಾಲಾಗಿ ಮನೆ ಕಟ್ಟಿಕೊಂಡಿದ್ದಾರೆ. "ನಮ್ಮೂರ ಗುಡಿ ಕಂಬಕ್ಕ ಎಮ್ಮಿ ಕಟ್ಟಿದ್ದಕ್ಕ ಬೈದಿದ್ದಿ ನೀನು" ಎಂದು ಅಣ್ಣ ಹಳೆಯದನ್ನು ಎತ್ತಿದ. ಅಲ್ಲೇ ಒಂದು ಕಡೆ ನೆಲದಲ್ಲಿ ದುಂಡನೆಯ ಹೊಂಡಗಳಿವೆ. ಚರ್ಮ ಹದ ಮಾಡಲೋ ಉಣ್ಣೆ ತೊಳೆಯಲೋ ಇದ್ದವು ಎನ್ನುತ್ತಾರೆ ತಿಳಿದವರು. ಅಣ್ಣ ಒಂದರೊಳಗೆ ಇಳಿದು ನಿಂತು ತನ್ನ ಫೋಟೊ ತೆಗೆಸಿಕೊಂಡ. ಕಾವಲಿನವನು ಬಂದು ಹೊರಗೆ ಕರೆದ. ಈ ಸಲ ಅಣ್ಣ ಹೆದರಲಿಲ್ಲ, ಕೈ ಚಾಚಿದ. ಕಾವಲಿನವನೇ ಎಳೆದು ಮೇಲಕ್ಕೆ ಹತ್ತಿಸಿದ.

ಬೊಯಾನೊ ಬಾಗಿಲು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸುತ್ತಿ ಸುತ್ತಿ ಕೊನೆಗೆ, ಬೊಯಾನೊ ಊರಿನ ಕಡೆಗಿರುವ ಆ ಪತ್ರದ ಬಾಗಿಲಿಗೆ ಬಂದೆವು. ದೊಡ್ಡ ಕಮಾನು. ಎರಡು ಕಡೆ ಸೆರೆಸಿಕ್ಕವರ ಎರಡು ಕಲ್ಲಿನ ಮೂರ್ತಿಗಳು.

"ಇವ್ರು ಏನು ಮಾಡಿದ್ರಂತ?" ಅಣ್ಣ ಮೊದಲು ಕೇಳಿದ್ದು ಅದನ್ನು.

"ಯುದ್ಧದಾಗ ಸೋತೋರು" ಅಂದೆ.

ಪತ್ರದ ಕಲ್ಲಿನಲ್ಲಿ ಅಕ್ಷರಗಳು ಸಣ್ಣವು, ಸವೆದಿವೆ. ಅಣ್ಣನನ್ನು ಎದುರಿನ ಕಲ್ಲಿನ ಮೇಲೆ ಕೂಡಿಸಿ, ಅದರಲ್ಲಿ ಏನಿದೆ ಎಂದು ನಮ್ಮ ಮಾತಿನಲ್ಲಿ ಹೇಳಿದೆ. ಮೂರು ವರ್ಷ ಕೈಗೆ ಬಾರದ ಅನುವಾದ ಬಾಯಿಗೆ ಸಲೀಸಾಗಿ ಬಂತು. ಕದ್ದ ಕುರಿ ಎಂಬುದನ್ನೂ ಹೇಳಿದೆ. ಅಣ್ಣ ಕಲ್ಲನ್ನೇ ನೋಡುತ್ತಿದ್ದ.

"ಯಾರವು ಆ ಕುರಿ?" ಎಂದು ಕೇಳಿದ.

"ರಾಜನವು. ಕುರುಬರು ಕಾಯೋರು ಅಷ್ಟೇ."

"ಹಂಗಂದ್ರ ರಾಜನ ಕುರಿ ಕಮ್ಮಿ ಆಗಾಕತ್ತಾವ ಅಂತ ಬರ್ದಾರ. ಕುರುಬನ ಸಲುವಾಗಿ ಅಲ್ಲ."

ಓದಿ ಓದಿ ಕಣ್ಣು ಹಾಳು ಮಾಡಿಕೊಂಡ ನನಗೆ ಇದು ಇಷ್ಟು ನೇರವಾಗಿ ಹೊಳೆದಿರಲಿಲ್ಲ.

"ಇದು ಬಂದ ಮ್ಯಾಗ ಬಿಟ್ರೇನು ಅವ್ರನ್ನ?"

"ಗೊತ್ತಿಲ್ಲಣ್ಣ. ಕಲ್ಲಿನ್ಯಾಗ ಇಷ್ಟೇ ಅದ."

ಆಗ ಹೇಳಿದೆ. ಅಪ್ಪ ಹಾಸ್ಟೆಲಿಗೆ ಬಂದದ್ದು, ಅರ್ಜಿ ಕೇಳಿದ್ದು, ಕಿಟಕಿಯ ಹುಡುಗಿಯರು, ಇಲ್ಲದ ಪರೀಕ್ಷೆ. ಏನನ್ನೂ ಬಿಡಲಿಲ್ಲ. ನಾಚಿಕೆಯಾಗಿತ್ತು ಎಂಬುದನ್ನೂ ಹೇಳಿದೆ. ಮುಖ ನೋಡಿ ಹೇಳಲು ಆಗಲಿಲ್ಲ, ಅವನ ಪಾದ ನೋಡುತ್ತಾ ಹೇಳಿದೆ. ಮುಗಿಯುವ ಹೊತ್ತಿಗೆ ಅಳುತ್ತಿದ್ದೆ.

ಅವನು ಸಮಾಧಾನ ಮಾಡಲು ಬರಲಿಲ್ಲ.

"ಅಪ್ಪ ನನಗ ಬ್ಯಾರೆ ಹೇಳಿದ್ದ" ಅಂದ. "ಹಾಸ್ಟೆಲಿಗಿ ಹೋಗಿದ್ದೆ, ಬೀಗ ಹಾಕಿತ್ತು, ಹುಡುಗ್ಯಾರೆಲ್ಲ ಊರಿಗಿ ಹೋಗ್ಯಾರ ಅಂದಿದ್ದ. ಹಂಗಾದ್ರ ಅಪ್ಪನೂ ಸುಳ್ಳ ಹೇಳ್ಯಾನ."

ಇದು ನನಗೆ ಗೊತ್ತಿರಲಿಲ್ಲ. ಅಪ್ಪ ನನ್ನ ಮಾನ ಕಾಯಲು ಒಂದು ಬೀಗವನ್ನೇ ಕಟ್ಟಿ ಹೇಳಿದ್ದ. ಸಾಯುವ ತನಕ ಅದನ್ನು ತೆಗೆದಿರಲಿಲ್ಲ. ಅಳು ಇನ್ನೂ ಜೋರಾಯಿತು.

"ಸುಮ್ಕಿರು. ನೀ ಬರ್ದಿದ್ರೂ ಓದಾಂವ ಯಾಂವ ಇದ್ದ ಅಲ್ಲಿ?" ಅಂದ ಅಣ್ಣ. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದ: "ಆದ್ರ ಬರ್ದು ಕೊಟ್ಟಿದ್ದಿ ಅಂದ್ರ ನನಗ ಛಲೋ ಅನಸ್ತಿತ್ತು ನಿಂಗಿ. ಚಾವಡ್ಯಾಗ ಎಲ್ಲರಿಗೂ ಹೇಳಿದ್ದೆ, ನಮ್ಮ ತಂಗಿಗಿ ಅಕ್ಷರ ಬರ್ತಾವ, ಆಕಿ ಬರೀತಾಳ, ನೋಡ್ತಾ ಇರ್ರಿ ಅಂತ. ಎರಡು ದಿನ ಅದೇ ದಾರಿ ಕಾಯ್ದೆ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಮ್ಮಲ್ಲಿ ಆ ಮಾತು ಯಾರೂ ಆಡುವುದಿಲ್ಲ. ಕಂಬಳಿಯ ಅಂಚನ್ನು ನನ್ನ ಕಡೆ ಚಾಚಿದ. ನಾನು ಕಣ್ಣು, ಮೂಗು ಒರೆಸಿಕೊಂಡೆ. ಒರಟು ಕಂಬಳಿ, ಮೂಗೆಲ್ಲ ಉರಿಯಿತು.

"ಈ ಊರಿನ ಪುಟ ಖಾಲಿ ಅದ ಅಂದಿದ್ದ್ಯಲ್ಲ, ಕಂಪ್ಯೂಟರದಾಗ?" ಎಂದು ಕೇಳಿದ.

"ಹೌದು."

"ಹಂಗಾದ್ರ ಈಗ ಬರಿ."

"ಏನು?"

"ಅವತ್ತಿಂದು. ನಾ ಹೇಳ್ತೀನಿ, ನೀ ಬರಿ. ರಾಜನ ಕುರೀದು ಕಲ್ಲಿನ್ಯಾಗ ಅದ. ನಮ್ಮದು ಎಲ್ಲೂ ಇಲ್ಲ."

ನೋಟ್‌ಬುಕ್ ತೆಗೆದೆ. ಇಪ್ಪತ್ತೇಳು ವರ್ಷ ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸಿದ ಕೈ ತಾನಾಗಿಯೇ ಎಡಗಡೆ 'ಇವರಿಗೆ' ಎಂದು ಶುರು ಮಾಡಿತು. ಇವರಿಗೆ ಅಂದರೆ ಯಾರಿಗೆ ಎಂದು ಅಣ್ಣನನ್ನು ಕೇಳಿದೆ.

"ಅದೆಲ್ಲ ಹೊಡದ ಹಾಕು. ಮೊದಲ್ನೇ ಸಾಲಿನ್ಯಾಗ ಇಷ್ಟು ಬರಿ: ಕುರಿ ನಮ್ಮವು."

ಬರೆದೆ. ಅವನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ಇದರಾಗ 'ಕುರಿ' ಯಾವ್ದು?"

ತೋರಿಸಿದೆ.

"'ನಮ್ಮವು'?"

ಅದನ್ನೂ ತೋರಿಸಿದೆ. ಅವನು ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಬೆರಳು ತೆಗೆದು, "ಹ್ಞೂಂ, ಮುಂದಿಂದು ಬರಿ" ಅಂದ.